ಡಲ್ಲಾಸ್ ಹತ್ತಿರದ ನಮ್ಮ ಮನೆಯ ಬೂಷ್ಟು ಪರೀಕ್ಷೆ ಮಾಡಿಸಿದೆವು: 5ಕ್ಕೆ 4 ಸ್ಟಾರ್

ತೀರ್ಥಹಳ್ಳಿ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಪೆಟ್ಟಿಗೆಯ ಬಟ್ಟೆ ಎಲ್ಲದರ ಮೇಲೂ ಬೂಷ್ಟು ನೋಡಿ ಬೆಳೆದವನು ನಾನು. ಒರೆಸಿ ಬಿಸಿಲಿಗಿಟ್ಟರೆ ಆಯ್ತು. ಹಾಗಾಗಿ ಇಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ನಮ್ಮ ಮನೆ ಹಾಲ್‌ನ ಸೀಲಿಂಗಿನಲ್ಲಿ ಕಪ್ಪು ಕಲೆ ಕಂಡಾಗ ಬ್ಲೀಚ್ ಹೊಡೆದು ಸುಮ್ನಾದೆ. ಎರಡು ವಾರಕ್ಕೆ ಅದು ಗೋಡೆಗೂ ಇಳಿದಿತ್ತು.

ಮೊದಲು ಬಂದ ಕಂಪನಿಯವರು (ಹೆಸರು ಬೇಡ) "ಪರೀಕ್ಷೆ ಫ್ರೀ, ನಾಳೆಯೇ ತೆಗೆದುಬಿಡ್ತೀವಿ" ಅಂದರು. ನಾನು ಹೂಂ ಅನ್ನೋದರಲ್ಲಿದ್ದೆ. ಅಷ್ಟರಲ್ಲಿ ಹೆಂಡತಿ ರಾಜ್ಯದ ಲೈಸೆನ್ಸ್ ಇಲಾಖೆಯ ಮಾಹಿತಿ ಹಾಳೆ ಓದಿದಳು. ಟೆಕ್ಸಸ್ ಕಾನೂನಿನ ಪ್ರಕಾರ ಒಂದೇ ಕೆಲಸಕ್ಕೆ ಪರೀಕ್ಷೆ ಮಾಡುವವರೂ ಬೂಷ್ಟು ತೆಗೆಯುವವರೂ ಒಬ್ಬರೇ ಆಗುವಂತಿಲ್ಲ. ಸರಿಯೇ ಅಲ್ವಾ, ಬೂಷ್ಟು ಜಾಸ್ತಿ ಇದೆ ಅಂತ ಬರೆದಷ್ಟೂ ಅವರಿಗೇ ಬಿಲ್ಲು! ಒಂದೇ ಕಡೆ 25 ಚದರ ಅಡಿಗಿಂತ ಕಡಿಮೆ ಇದ್ದರೆ ತೆಗೆಯೋಕೆ ಲೈಸೆನ್ಸ್ ಬೇಕಿಲ್ಲ. ನಮ್ಮದು ಅದನ್ನೂ ದಾಟಿತ್ತು.

ಅವರನ್ನು ಬಿಟ್ಟು, ಬರೀ ಪರೀಕ್ಷೆ ಮಾಡುವ ಒಬ್ಬರನ್ನು ಕರೆದೆವು. ಈ ರಿವ್ಯೂ ಅವರದ್ದು. ಬಂದವರು ಕಲೆ ನೋಡಲೇ ಇಲ್ಲ, ಸೀದಾ ಅಟ್ಟ ಹತ್ತಿದರು. ಅಲ್ಲಿದ್ದ ಎಸಿಯ ಡ್ರೈನ್ ಪೈಪು ಕಟ್ಟಿಕೊಂಡು, ಕೆಳಗಿನ ತಟ್ಟೆ ತುಂಬಿ, ನೀರು ಹನಿಹನಿಯಾಗಿ ಸೀಲಿಂಗಿಗೆ ಇಳೀತಿತ್ತು. ನಾನು ಉಜ್ಜಿದ್ದೆಲ್ಲ ವ್ಯರ್ಥ. ತೇವ ಅಳೆಯುವ ಮೀಟರ್ ಒತ್ತಿ, ನೋಡೋಕೆ ಚೆನ್ನಾಗೇ ಇದ್ದ ಜಾಗದಲ್ಲೂ ಒಳಗೆ ಒದ್ದೆ ಇರೋದನ್ನು ತೋರಿಸಿದರು. ಸೀಲಿಂಗು, ಗೋಡೆ ಎಷ್ಟು ಕತ್ತರಿಸಬೇಕು, ಬೂಷ್ಟು ಹರಡದಂತೆ ಪ್ಲಾಸ್ಟಿಕ್ ಪರದೆ ಎಲ್ಲಿ ಕಟ್ಟಬೇಕು, ಎಲ್ಲ ಬರೆದುಕೊಟ್ಟರು. ಆ ಕಾಗದ ಹಿಡಿದುಕೊಂಡೇ ಬೇರೆಯವರ ಹತ್ತಿರ ರೇಟು ಕೇಳಿದ್ದು, ಇಲ್ಲದಿದ್ದರೆ ಒಬ್ಬೊಬ್ಬರದೂ ಒಂದೊಂದು ಕಥೆ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ ಲ್ಯಾಬ್ ಬಿಲ್ಲು. ಬೂಷ್ಟು ಕಣ್ಣಿಗೇ ಕಾಣ್ತಿರುವಾಗ ಹೆಚ್ಚಿನ ಕಡೆ ಸ್ಯಾಂಪಲ್ ಬೇಕಾಗಲ್ಲ ಅಂತ ಅಮೆರಿಕದ ಪರಿಸರ ಇಲಾಖೆಯೇ ಹೇಳುತ್ತೆ. ಯಾವ ಜಾತಿಯದಾದರೂ ತೆಗೆಯಲೇಬೇಕು ತಾನೆ? ಕಪ್ಪಗಿದ್ದ ಮಾತ್ರಕ್ಕೆ ವಿಷ ಅಂತಲೂ ಅಲ್ಲ. ಆದರೂ ಮನೆಯೊಳಗೆ ಎರಡು, ಹೋಲಿಸೋಕೆ ಹೊರಗೆ ಒಂದು ಅಂತ ಗಾಳಿಯ ಸ್ಯಾಂಪಲ್ ತೆಗೆದರು. ಆಗ ಹೆದರಿದ್ದೆ, ಹೂಂ ಅಂದೆ. ಕೆಲಸ ಮುಗಿದ ಮೇಲಿನ ಪರೀಕ್ಷೆ ಬೇರೆ, ಅದಕ್ಕೆ ನನ್ನ ತಕರಾರಿಲ್ಲ.

ತೆಗೆಯುವವರು ಕೆಲಸ ಶುರು ಮಾಡೋಕೆ 5 ದಿನ ಮುಂಚೆ ಇಲಾಖೆಗೆ ತಿಳಿಸಬೇಕಂತೆ, ಆ ಐದು ದಿನ ಎಲ್ಲರೂ ಮೇಲಿನ ರೂಮಿನಲ್ಲಿ ಮಲಗಿದೆವು. ಕೊನೆಗೆ ಪರೀಕ್ಷೆ ಮಾಡಿದವರೇ ಮತ್ತೆ ಬಂದು ನೋಡಿ, ಸರಿಯಾಗಿದೆ ಅಂತ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಅದನ್ನು ಕಳೆದುಕೊಳ್ಳಬೇಡಿ. 5 ವರ್ಷದೊಳಗೆ ಮನೆ ಮಾರಿದರೆ ಕೊಳ್ಳುವವರಿಗೆ ಪ್ರತಿ ಕೊಡಲೇಬೇಕು, ಹಳೇ ಬೂಷ್ಟಿನ ನೆಪ ಹೇಳಿ ಇನ್ಶೂರೆನ್ಸ್‌ನವರು ಪಾಲಿಸಿ ನಿರಾಕರಿಸದಂತೆಯೂ ಅದು ಕಾಯುತ್ತೆ. ನಮ್ಮದು ಈಗ ಪಾಸ್‌ಪೋರ್ಟ್ ಇರೋ ಡ್ರಾಯರ್‌ನಲ್ಲಿದೆ.