ಹಳೇ ಡಿಟೆಕ್ಟರ್, ಹೊಸ ಡಿಟೆಕ್ಟರ್: ಎರಡೂ ಹೊತ್ಕೊಂಡು ಅಲೆದ ಮೇಲೆ ಅನ್ಸಿದ್ದು

ಮಣ್ಣಲ್ಲಿ ಹೂತಿರೋ ನಾಣ್ಯ ಹುಡುಕೋಕೆ ಹೊಸ ಮೆಟಲ್ ಡಿಟೆಕ್ಟರ್ ತಗೊಂಡಾಗ ನನ್ ತಲೇಲಿ ಇದ್ದಿದ್ದು ಒಂದೇ, ಆಳ. ಹಳೇದು ಗೇಣುದ್ದ ಕೆಳಗಿರೋದನ್ನ ಹಿಡಿದ್ರೆ ಹೊಸದು ಮೊಳದುದ್ದ ಹಿಡಿಯುತ್ತೆ ಅನ್ಕೊಂಡಿದ್ದೆ. ಎಲ್ಲಿ ಬಂತು! ಒಂದು ಬೆಳ್ಳಿ ನಾಣ್ಯನ 20 ಸೆಂಟಿಮೀಟರ್ ಆಳಕ್ಕೆ ಹೂತಿಟ್ಟು ಎರಡನ್ನೂ ಮೇಲೆ ಆಡಿಸ್ದೆ, ಎರಡೂ ಕೂಗಿದ್ವು. 30ಕ್ಕೆ ಇಳಿಸ್ದೆ, ಎರಡೂ ಗಪ್‌ಚುಪ್.

ಹಳೇದು ಸಿಂಗಲ್ ಫ್ರೀಕ್ವೆನ್ಸಿ, ಅಂದ್ರೆ ನೆಲಕ್ಕೆ ಬಿಡೋ ಸಿಗ್ನಲ್ ಒಂದೇ ಕಂಪನದ್ದು, 6.5 ಕಿಲೋಹರ್ಟ್ಜ್. ದಪ್ಪ ಬೆಳ್ಳಿ, ತಾಮ್ರ ಅಂದ್ರೆ ಅದಕ್ಕೆ ಪ್ರಾಣ, ಆದ್ರೆ ಉಗುರಿನಷ್ಟು ತೆಳ್ಳಗಿರೋ ಚಿಕ್ಕ ಕಾಸು ಬಂದ್ರೆ ಕಿವಿಗೆ ಬೀಳೋ ಹಾಗೆ ಕೂಗೋದೇ ಇಲ್ಲ. ಹೊಸದು ಮಲ್ಟಿ, ಕಡಿಮೆ ಫ್ರೀಕ್ವೆನ್ಸಿ ಜಾಸ್ತಿ ಫ್ರೀಕ್ವೆನ್ಸಿ ಎರಡನ್ನೂ ಒಟ್ಟಿಗೆ ಬಿಡುತ್ತೆ, ಹಾಗಾಗಿ ದಪ್ಪದ್ದೂ ಸಿಗುತ್ತೆ ತೆಳುವಾದದ್ದೂ ಸಿಗುತ್ತೆ.

ಆದ್ರೆ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಮೊಳೆ ಇಟ್ಟಾಗ. ಹಳೇ ಮನೆ ಬಿದ್ದ ಜಾಗ ಅಂದ್ರೆ ಅಲ್ಲಿ ನಾಣ್ಯಕ್ಕಿಂತ ತುಕ್ಕು ಹಿಡಿದ ಮೊಳೆನೇ ಜಾಸ್ತಿ ಅಲ್ವಾ, ಅದಕ್ಕೆ ನಾಣ್ಯದಿಂದ ಎರಡು ಬೆರಳು ಪಕ್ಕಕ್ಕೆ ಒಂದು ತುಕ್ಕು ಮೊಳೆ ಇಟ್ಟು ನೋಡ್ದೆ. ಕಬ್ಬಿಣ ಬೇಡ ಅಂತ ಸೆಟ್ ಮಾಡಿದ್ದ ಹಳೇದು ಮೊಳೆ ಜೊತೆಗೆ ನಾಣ್ಯನೂ ನುಂಗಿಬಿಡ್ತು, ಒಂದು ಸದ್ದಿಲ್ಲ. ಹೊಸದು ಮೊಳೆಗೆ ಗೊರ್ ಅಂದು ಪಕ್ಕದಲ್ಲೇ ಚಿಕ್ಕದಾಗಿ ಟಿಣ್ ಅಂತು. ಒಂದು ಸಿಗ್ನಲ್ ಮುಗಿಸಿ ಮುಂದಿನದಕ್ಕೆ ಎಷ್ಟು ಬೇಗ ರೆಡಿ ಆಗುತ್ತೆ ಅನ್ನೋದ್ರ ಮೇಲೆ ಇದೆಲ್ಲ ನಿಂತಿದೆ. ಬೇರೆ ಲೋಹ ಅಡ್ಡ ಬರೋದು ಇವತ್ತಿನ ತಲೆನೋವಲ್ಲ ಬಿಡಿ, 1881ರಲ್ಲಿ ಗ್ರಹಾಂ ಬೆಲ್ ಇಂಥದ್ದೇ ಒಂದು ಯಂತ್ರ ಹಿಡ್ಕೊಂಡು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿದ್ದ ಗುಂಡು ಹುಡುಕೋಕೆ ಹೋದಾಗಲೂ ಹಾಸಿಗೆಯ ಲೋಹದ ಸ್ಪ್ರಿಂಗ್ ಅಡ್ಡ ಬಂತು ಅಂತಾರೆ.

ಹಾಗಂತ ಹೊಸದು ಮೋಸ ಹೋಗಲ್ಲ ಅನ್ಕೋಬೇಡಿ. ಕಬ್ಬಿಣದ ವಾಷರ್‌ಗೆ ಎರಡೂ ಬೆಳ್ಳಿ ಅಂತಾನೇ ಕೂಗ್ತವೆ, ಡ್ರಿಂಕ್ ಕ್ಯಾನಿನ ಅಲ್ಯೂಮಿನಿಯಂ ರಿಂಗ್ ಅಂತೂ, ಯಾವ ಲೋಹ ಅಂತ ನಂಬರಲ್ಲಿ ಅಂದಾಜು ಹೇಳೋ ಸ್ಕ್ರೀನಲ್ಲಿ ನಿಕ್ಕಲ್ ನಾಣ್ಯದ ಆಸುಪಾಸಿನ ನಂಬರ್ರೇ ತೋರ್ಸುತ್ತೆ. ಮೊದಲ ವಾರ ನಾನು ಅಗೆದಿದ್ದೆಲ್ಲ ಬರೀ ಅದೇ. ಈಗ ಸದ್ದು ಬಂದ ಕಡೆ 90 ಡಿಗ್ರಿ ತಿರುಗಿ ಅಡ್ಡಡ್ಡ ಇನ್ನೊಂದು ಸಲ ಆಡಿಸ್ತೀನಿ, ಎರಡೂ ಕಡೆಯಿಂದ ಒಂದೇ ನಂಬರ್ ನಿಂತ್ರೆ ಮಾತ್ರ ಕರಣೆ ಕೈಗೆ ತಗೊಳ್ಳೋದು. ಬಾಗಿದ ಮೊಳೆ ಅರ್ಧಕ್ಕರ್ಧ ಇಲ್ಲೇ ಸಿಕ್ಕಿಬೀಳುತ್ತೆ.

ಸಮುದ್ರದ ಒದ್ದೆ ಮರಳಲ್ಲಿ ಹಳೇದನ್ನ ಆನ್ ಮಾಡೋದೇ ದಂಡ, ಉಪ್ಪು ನೀರಿಗೇ ಬಡ್ಕೊಳ್ಳುತ್ತೆ. ಹೊಸದು ತಣ್ಣಗಿತ್ತು. ಒಂದು ದಿನ ಸ್ನೇಹಿತನ ಪಲ್ಸ್ ಇಂಡಕ್ಷನ್ ಮಷಿನ್ನೂ (ಬಿಟ್ಟು ಬಿಟ್ಟು ಕರೆಂಟಿನ ಮಿಡಿತ ಕಳಿಸಿ ಲೋಹ ಹುಡುಕೋ ಬೇರೆ ಥರದ ಡಿಟೆಕ್ಟರ್) ತಗೊಂಡು ಹೋಗಿದ್ದೆ, ಒದ್ದೆ ಮರಳಲ್ಲಿ ಆಳ ಅಂದ್ರೆ ಅದೇ, ಆದ್ರೆ ಕಬ್ಬಿಣ ಯಾವ್ದು ನಾಣ್ಯ ಯಾವ್ದು ಅಂತ ಹೇಳೋದಿಲ್ಲ, ಸಂಜೆ ಹೊತ್ತಿಗೆ ಚೀಲದ ತುಂಬ ಮೊಳೆ, ನಡು ಬಿದ್ದೋಯ್ತು.

ಹಳೇದು ಗೆಲ್ಲೋದು ಎಲ್ಲಿ ಅಂದ್ರೆ ಹಗುರ ಮತ್ತೆ ಸಲೀಸು. ನಾಲ್ಕು ಬಟನ್, ಮಾಮೂಲಿ ಸೆಲ್, ಮಕ್ಕಳ ಕೈಗೂ ಕೊಡ್ಬಹುದು. ಹೊಸದ್ರ ಮೆನು ಅರ್ಥ ಆಗೋಕೇ ನಂಗೆ ಹದಿನೈದು ದಿನ ಹಿಡೀತು, ಸೆನ್ಸಿಟಿವಿಟಿ ಫುಲ್ ಇಟ್ಕೊಂಡು ಕರೆಂಟ್ ವೈರ್ ಕೆಳಗೆ ನಿಂತು, ಆ ವೈರಿಗೇ ಅದು ಕೂಗ್ತಿದ್ರೆ ಮಷಿನ್ ಕೆಟ್ಟಿದೆ ಅಂತ ಬೈದಿದ್ದೂ ಆಯ್ತು. ಕಸ ಇಲ್ಲದ ಹೊಲದಲ್ಲಿ ಹುಡುಕೋರಿಗೆ ಹಳೇದೇ ಸಾಕು, ಉಳಿದ ದುಡ್ಡಲ್ಲಿ ಒಂದು ಪಿನ್‌ಪಾಯಿಂಟರ್ (ಗುಂಡಿಯಲ್ಲಿ ಲೋಹ ನಿಖರವಾಗಿ ಎಲ್ಲಿದೆ ಅಂತ ತೋರ್ಸೋ ಕೈಲಿ ಹಿಡಿಯೋ ಪುಟ್ಟ ಡಿಟೆಕ್ಟರ್) ತಗೊಳ್ಳಿ, ಗುಂಡಿಯೊಳಗೆ ಮಣ್ಣು ಕೆದಕ್ತಾ ಕೂರೋದು ತಪ್ಪುತ್ತೆ. ಹಾಂ, ಜಾಗದ ಓನರ್‌ನ ಕೇಳದೆ ಗುಂಡಿ ತೋಡ್ಬೇಡಿ, ಸ್ಮಾರಕಗಳ ಹತ್ರ ಅಂತೂ ಸುಳೀಲೇಬೇಡಿ.

ಹಳೇದ್ರಲ್ಲಿ ಐದು ಸಲ ಬಾಚಿ ಏನೂ ಇಲ್ಲ ಅಂತ ಕೈಬಿಟ್ಟಿದ್ದ ಒಂದು ಮೂಲೆ ಇತ್ತು, ಹೋದ ವಾರ ಹೊಸದು ಅಲ್ಲೇ ಟಿಣ್ ಅಂತು. ಎರಡು ಮೊಳೆ ಮಧ್ಯೆ ಕಪ್ಪಗಾಗಿದ್ದ ಒಂದು ತೆಳು ಕಾಸು, ಅಂಚು ಸವೆದಿದೆ. ಉಜ್ಜೋಕೆ ಹೋಗಿಲ್ಲ, ಉಜ್ಜಿದ್ರೆ ಇರೋ ಅಕ್ಷರನೂ ಹೋಗುತ್ತೆ, ನೀರಲ್ಲಿ ನೆನೆಹಾಕಿದೀನಿ.