ಉಕ್ಕಿನ ಅಂದಕ್ಕೆ ಅಲ್ಯೂಮಿನಿಯಂ ಚೌಕಟ್ಟು: ಮೂರು ವರ್ಷ ಬಳಸಿದ ಮೇಲೆ

ಹಳೆಯ ಉಕ್ಕಿನ ಕಿಟಕಿಯ ಕೆಳಪಟ್ಟಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿದೆ. ಬಣ್ಣದ ಪದರ ಬಿರಿದು ತುದಿ ಒಳಗಿಳಿಯಿತು, ಹಿಂದೆ ಎಳೆದಾಗ ಕಂದು ಪುಡಿ ಉದುರಿತು. ಅದೇ ಕಿಟಕಿಯ ಮೂಲೆಯ ಗಾಜು ಎರಡು ವರ್ಷದಲ್ಲಿ ಎರಡು ಸಲ ಸೀಳಿತ್ತು. ಯಾರೂ ಅದಕ್ಕೆ ಏನನ್ನೂ ತಾಗಿಸಿರಲಿಲ್ಲ. ಕಬ್ಬಿಣ ತುಕ್ಕಾಗುವಾಗ ಮೊದಲಿದ್ದುದಕ್ಕಿಂತ ಹಲವು ಪಟ್ಟು ಉಬ್ಬುತ್ತದೆ, ಆ ಒತ್ತಡ ತಾಳಲಾರದೆ ಗಾಜು ಬಿರುಕು ಬಿಡುತ್ತದೆ ಎಂಬುದು ಆಮೇಲೆ ತಿಳಿಯಿತು. ಇಷ್ಟಾದರೂ ಆ ಕಿಟಕಿಗಳ ಮೇಲಿನ ಮೋಹ ನನ್ನನ್ನು ಬಿಟ್ಟಿರಲಿಲ್ಲ. ತೆಳ್ಳಗಿನ ಕಪ್ಪು ಪಟ್ಟಿಗಳು, ಅವುಗಳ ನಡುವೆ ಗಾಜಿನ ಚೌಕಗಳು, ಸಂಜೆ ನೆಲದ ಮೇಲೆ ಉದ್ದಕ್ಕೆ ಚಾಚಿಕೊಳ್ಳುವ ಅವುಗಳ ನೆರಳು. ಇದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಮೊದಲು ದರ ಕೇಳಿದ್ದು ಹೊಸ ಉಕ್ಕಿನ ಚೌಕಟ್ಟಿಗೇ. ಬೆಸುಗೆ ಹಾಕಿ, ಮೂಲೆ ಉಜ್ಜಿ, ಸತುವಿನ ಲೇಪ ಕೊಟ್ಟು, ಬಣ್ಣ ಹೊಡೆಯುವ ಕೆಲಸ ಅದು. ಕೈಕೆಲಸ ಹೆಚ್ಚು, ಹಾಗಾಗಿ ದರ ನನ್ನ ಕೈಗೆಟುಕಲಿಲ್ಲ. ಅದೇ ಅಳತೆಗೆ ಅಲ್ಯೂಮಿನಿಯಂನಲ್ಲಿ ಬಂದ ಅಂದಾಜು ಅದರ ಅರ್ಧಕ್ಕೂ ಕಡಿಮೆಯಿತ್ತು. ಒಂದು ಜೋಡಿ ಬಾಗಿಲು, ಅದರ ಎರಡೂ ಬದಿಗೆ ಗಾಜಿನ ಪಕ್ಕೆಗಳು, ನಾಲ್ಕು ಕಿಟಕಿ ಮಾಡಿಸಿದೆ. ಮೂರು ವರ್ಷ ಮಳೆ, ಬಿಸಿಲು, ದಿನನಿತ್ಯದ ಬಳಕೆ ಎಲ್ಲವನ್ನೂ ಅವು ಕಂಡಿವೆ. ಮತ್ತೊಮ್ಮೆ ಮಾಡಿಸುವುದಾದರೂ ಅಲ್ಯೂಮಿನಿಯಂ ಅನ್ನೇ ಆರಿಸುತ್ತೇನೆ. ಆದರೆ ದುಡ್ಡನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ನನ್ನ ಲೆಕ್ಕ ಈಗ ಪೂರ್ತಿ ಬದಲಾಗಿದೆ.

ಎಲ್ಲರ ಹಾಗೆ ನಾನೂ ತೆಳುವಾದ ಚೌಕಟ್ಟಿನ ಬೆನ್ನು ಹತ್ತಿದೆ. ಉಕ್ಕಿನಷ್ಟೇ ತೆಳು ಎಂದು ಹೇಳಿ ತೋರಿಸುವ ಸೆಕ್ಷನ್‌ಗಳು (ಚೌಕಟ್ಟು ಮಾಡುವ ಟೊಳ್ಳು ಲೋಹದ ಪಟ್ಟಿಗಳು) ಇವೆ, ದರವೂ ಅದಕ್ಕೆ ತಕ್ಕಂತೆ ಏರುತ್ತದೆ. ಇಲ್ಲಿ ಲೋಹದ ಗುಣವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಅಲ್ಯೂಮಿನಿಯಂನ ತೂಕ ಉಕ್ಕಿನ ಸುಮಾರು ಮೂರನೇ ಒಂದು ಭಾಗ. ಬಾಗದೆ ನಿಲ್ಲುವ ಬಿಗಿತವೂ ಸುಮಾರು ಮೂರನೇ ಒಂದು ಭಾಗವೇ: ಉಕ್ಕಿಗೆ 200 ಗಿಗಾಪಾಸ್ಕಲ್ ಇದ್ದರೆ ಅಲ್ಯೂಮಿನಿಯಂಗೆ 70. ಎದುರಿನಿಂದ ಕಾಣುವ ಅಗಲವನ್ನೂ ಗೋಡೆಯೊಳಗೆ ಹೋಗುವ ಆಳವನ್ನೂ ಉಕ್ಕಿನಷ್ಟೇ ಇಟ್ಟುಕೊಂಡರೆ ಜೋರುಗಾಳಿಗೆ ಚೌಕಟ್ಟು ಹೆಚ್ಚು ಬಾಗುತ್ತದೆ. ಹಾಗೆಂದು ಎದುರಿನ ಅಗಲವನ್ನೇ ಹೆಚ್ಚಿಸಬೇಕಾಗಿಲ್ಲ. ಗಾಳಿಯ ಒತ್ತಡವನ್ನು ತಡೆಯುವುದು ಮುಖ್ಯವಾಗಿ ಆಳ. ಆಳವನ್ನು ಒಂದೂವರೆ ಪಟ್ಟು ಮಾಡಿದರೆ ಟೊಳ್ಳಿಲ್ಲದ ಪಟ್ಟಿಯಲ್ಲಿ ಬಿಗಿತ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಎದುರು ನಿಂತವರಿಗೆ ಆ ಆಳ ಕಾಣುವುದೂ ಇಲ್ಲ. ಅಂಗಡಿಯಲ್ಲಿ ಸೆಕ್ಷನ್ ತುಂಡನ್ನು ಕೈಗೆತ್ತಿಕೊಂಡಾಗ ಮುಖದ ಅಗಲವನ್ನಷ್ಟೇ ಅಳೆಯದೆ ಆಳವನ್ನೂ ಆ ತುಂಡಿನದೇ ಲೋಹದ ಗೋಡೆಯ ದಪ್ಪವನ್ನೂ ಅಳೆಯಿರಿ. ನಾನು ನೋಡಿದ ಅಗ್ಗದ ಒಂದು ತುಂಡಿನ ಗೋಡೆ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ತಗ್ಗುತ್ತಿತ್ತು. ಅದಕ್ಕೆ ತಿರುಗಣಿಯ ಸ್ಕ್ರೂ ಎಷ್ಟು ದಿನ ಕಚ್ಚಿಕೊಂಡಿರಬಲ್ಲದು?

ತೆಳುವಾದ ನೋಟ ಬೇಕು, ಖರ್ಚೂ ಮಿತಿಯಲ್ಲಿರಬೇಕು ಎನ್ನುವವರಿಗೆ ನನ್ನ ಅನುಭವದಲ್ಲಿ ಒಂದೇ ದೊಡ್ಡ ದಾರಿ: ತೆರೆಯಬೇಕಿಲ್ಲದ ಗಾಜನ್ನು ತೆರೆಯದಂತೆ ಕೂರಿಸುವುದು. ದಪ್ಪ ಬರುವುದೇ ತೆರೆಯುವ ಕದದಿಂದ. ಚೌಕಟ್ಟಿನೊಳಗೆ ಕದದ ಚೌಕಟ್ಟು, ಅದಕ್ಕೆ ತಿರುಗಣಿ, ಬೀಗ, ಸುತ್ತಲೂ ರಬ್ಬರ್ ಪಟ್ಟಿ. ಜೋಡಿ ಬಾಗಿಲಿನ ಕದಗಳು ನಡುವೆ ಸೇರುವ ಜಾಗದಲ್ಲಿ ನಮ್ಮ ಮನೆಯಲ್ಲಿ 112 ಮಿಲಿಮೀಟರ್ ಲೋಹ ಕಾಣುತ್ತದೆ. ಪಕ್ಕದ ಸ್ಥಿರ ಗಾಜಿನ ಸುತ್ತ ಕಾಣುವುದು 38 ಮಾತ್ರ. ನಾಲ್ಕು ಕಿಟಕಿಗಳಲ್ಲಿ ತಲಾ ಮೂರು ಭಾಗಗಳಿವೆ. ಮೊದಲ ನಕ್ಷೆಯಲ್ಲಿ ಹನ್ನೆರಡೂ ತೆರೆಯುವಂತಿದ್ದವು. ಗಾಳಿಗೆ, ತೊಳೆಯುವುದಕ್ಕೆ ನಿಜವಾಗಿ ಎಷ್ಟು ಬೇಕೆಂದು ಒಂದು ವಾರ ಹಳೆಯ ಕಿಟಕಿಗಳನ್ನೇ ಗಮನಿಸಿದೆ. ಐದು ಸಾಕಾಯಿತು. ಉಳಿದ ಏಳನ್ನು ಸ್ಥಿರ ಮಾಡಿದ್ದರಿಂದ ಉಳಿದ ಹಣದಲ್ಲಿ ಬಾಗಿಲಿಗೆ ಒಳ್ಳೆಯ ಬೀಗ, ಒಳ್ಳೆಯ ತಿರುಗಣಿ ಬಂದವು. ನೀರು ಸೋರುವ ಜಾಗಗಳೂ ಅಷ್ಟರ ಮಟ್ಟಿಗೆ ಕಡಿಮೆಯಾದವು. ಆದರೆ ಮೇಲಂತಸ್ತಿನಲ್ಲಿ ಸ್ಥಿರ ಗಾಜಿನ ಹೊರಮೈಗೆ ಕೈ ತಲುಪುತ್ತದೆಯೇ, ಬೆಂಕಿಯಂತಹ ಆಪತ್ತಿನಲ್ಲಿ ಹೊರಬರಲು ಆ ಕಿಟಕಿಯೇ ದಾರಿಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಈಗ ಮೂಲೆಯ ವಿಷಯ. ಉಕ್ಕಿನ ಚೌಕಟ್ಟಿನ ಮೂಲೆ ಬೆಸುಗೆಯಿಂದ ಒಂದಾಗಿರುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ 45 ಡಿಗ್ರಿಗೆ ಕತ್ತರಿಸಿದ ಎರಡು ತುಂಡುಗಳು ಸೇರಿರುತ್ತವೆ, ಒಳಗಿರುವ ಎಲ್ ಆಕಾರದ ಕೊಂಡಿ ಅವುಗಳನ್ನು ಹಿಡಿದಿರುತ್ತದೆ. ಒಳ್ಳೆಯ ಕೆಲಸದಲ್ಲಿ ಆ ಕೊಂಡಿಗೆ ಅಂಟು ಹಚ್ಚಿ, ಯಂತ್ರದಿಂದ ಒತ್ತಿ ಬಿಗಿಯುತ್ತಾರೆ. ನಾನು ಮಾದರಿ ಬಾಗಿಲಿನ ಮೂಲೆಗೆ ಮೊಬೈಲಿನ ದೀಪವನ್ನು ಓರೆಯಾಗಿ ಹಿಡಿದು ನೋಡಿದೆ. ಒಂದು ಕಡೆಯ ಮಾದರಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರೊಳಗೆ ಬಣ್ಣವಿಲ್ಲದ ಬೆಳ್ಳಿ ಅಂಚು ಹೊಳೆಯುತ್ತಿತ್ತು. ಬೆರಳಾಡಿಸಿದರೆ ಒಂದು ತುಂಡು ಇನ್ನೊಂದಕ್ಕಿಂತ ಎತ್ತರದಲ್ಲಿದ್ದದ್ದು ಉಗುರಿಗೆ ತಾಗಿತು. ಇನ್ನೊಂದು ಕಡೆಯ ಮಾದರಿಯಲ್ಲಿ ಗೆರೆ ಕಣ್ಣಿಗೆ ಕಾಣುತ್ತಿತ್ತು, ಉಗುರಿಗೆ ಸಿಗುತ್ತಿರಲಿಲ್ಲ. ಆ ಎರಡನೆಯವರಿಗೇ ಕೆಲಸ ಕೊಟ್ಟೆ. ಮೂರು ವರ್ಷದ ನಂತರವೂ ಮೂಲೆಗಳು ಬಾಯಿ ಬಿಟ್ಟಿಲ್ಲ. ಬೇರೆ ಯಾವ ಪರೀಕ್ಷೆಗೂ ಸಮಯವಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಚೌಕಗಳನ್ನು ಮಾಡುವ ಪಟ್ಟಿಗಳ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಪ್ರತಿ ಚೌಕಕ್ಕೂ ಬೇರೆ ಗಾಜು ಹಾಕುವುದು ನಿಜವಾದ ಕ್ರಮ. ಅದು ದುಬಾರಿ, ಪಟ್ಟಿಯೂ ದಪ್ಪವಾಗುತ್ತದೆ. ತೀರಾ ಅಗ್ಗದ್ದು ಜೋಡಿ ಗಾಜಿನ, ಅಂದರೆ ಸಂದು ಬಿಟ್ಟು ಸೇರಿಸಿದ ಎರಡು ಗಾಜುಗಳ, ನಡುವೆ ಪಟ್ಟಿ ಇಟ್ಟುಬಿಡುವುದು. ದೂರದಿಂದ ಸರಿಯೆನಿಸಿದರೂ ಹತ್ತಿರ ಬಂದರೆ ಗಾಜಿನ ಮೇಲೆ ಆಕಾಶದ ಪ್ರತಿಬಿಂಬ ಅಖಂಡವಾಗಿ ಕಾಣಿಸಿ, ಪಟ್ಟಿಗಳು ನೀರಿನಲ್ಲಿ ಮುಳುಗಿದಂತೆ ಆಗುತ್ತದೆ. ನಾನು ಆರಿಸಿದ್ದು ಇವೆರಡರ ನಡುವಿನದು: ದೊಡ್ಡದಾದ ಒಂದೇ ಜೋಡಿ ಗಾಜು, ಅದರ ಒಳಮೈಗೂ ಹೊರಮೈಗೂ ಅಂಟಿಸಿದ 22 ಮಿಲಿಮೀಟರ್ ಪಟ್ಟಿ, ಅವುಗಳಿಗೆ ನೇರವಾಗಿ ಗಾಜುಗಳ ನಡುವೆಯೂ ಒಂದು ಕಪ್ಪು ಪಟ್ಟಿ. ಓರೆಯಿಂದ ನೋಡಿದರೂ ಟೊಳ್ಳು ಕಾಣುವುದಿಲ್ಲ. ಹೊರಮೈಯ ಪಟ್ಟಿಗೆ ಓರೆ ಅಂಚಿರುವ ಮಾದರಿಯನ್ನು ಕೇಳಿ ಹಾಕಿಸಿದೆ. ಹಳೆಯ ಉಕ್ಕಿನ ಕಿಟಕಿಗಳಲ್ಲಿ ಗಾಜಿನ ಸುತ್ತ ಪುಟ್ಟಿಯನ್ನು ಇಳಿಜಾರಾಗಿ ಎಳೆದಿರುತ್ತಿದ್ದರಲ್ಲ, ಆ ಓರೆಯೇ ಇಲ್ಲಿಯೂ ಬೆಳಕನ್ನು ಹಿಡಿಯುತ್ತದೆ. ಇಷ್ಟೆಲ್ಲ ಮಾಡಿದರೂ ಬಾಗಿಲಿನ ಅಡ್ಡಪಟ್ಟಿಗಳು ಪಕ್ಕದ ಗಾಜಿನ ಅಡ್ಡಪಟ್ಟಿಗಳಿಗೆ ಒಂದೇ ಗೆರೆಯಲ್ಲಿ ಬರದಿದ್ದರೆ ಎಲ್ಲವೂ ವ್ಯರ್ಥ. ಬಾಗಿಲಿನ ಕದದ ಕೆಳಪಟ್ಟಿ ದಪ್ಪವಿರುವುದರಿಂದ ಗಾಜನ್ನು ಸಮಪಾಲು ಮಾಡಿದರೆ ಗೆರೆ ತಪ್ಪುತ್ತದೆ. ನಮ್ಮ ಮೊದಲ ನಕ್ಷೆಯಲ್ಲಿ 31 ಮಿಲಿಮೀಟರ್ ವ್ಯತ್ಯಾಸವಿತ್ತು. ನೆಲದಿಂದ ಪ್ರತಿ ಪಟ್ಟಿಯ ಎತ್ತರವನ್ನು ನಕ್ಷೆಯ ಮೇಲೆ ಅಂಕಿಯಲ್ಲಿ ಬರೆಸಿಕೊಂಡ ಮೇಲೆಯೇ ನಾನು ಸಹಿ ಹಾಕಿದ್ದು.

ಥರ್ಮಲ್ ಬ್ರೇಕ್ ಬೇಕೇ ಬೇಡವೇ ಎಂಬುದು ಹವೆ ಮತ್ತು ಕೋಣೆಯ ಮೇಲೆ ನಿಂತಿದೆ. ಅಲ್ಯೂಮಿನಿಯಂ ಶಾಖವನ್ನು ಸಾಮಾನ್ಯ ಉಕ್ಕಿಗಿಂತ ಮೂರು ನಾಲ್ಕು ಪಟ್ಟು ಬೇಗ ಸಾಗಿಸುತ್ತದೆ. ಒಳಗಿನ ಲೋಹಕ್ಕೂ ಹೊರಗಿನ ಲೋಹಕ್ಕೂ ನಡುವೆ ಗಾಜಿನ ನಾರು ಬೆರೆಸಿದ ಪಾಲಿಅಮೈಡ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಇಟ್ಟು ಆ ದಾರಿಯನ್ನು ಕಡಿಯುವುದೇ ಥರ್ಮಲ್ ಬ್ರೇಕ್. ಕೋಣೆಯನ್ನು ಬಿಸಿ ಮಾಡುವ ಅಥವಾ ತಂಪು ಮಾಡುವ ಮನೆಗಳಲ್ಲಿ ಇದನ್ನು ಬಿಟ್ಟು ಉಳಿತಾಯ ಮಾಡಬಾರದು. ಚಳಿಯಲ್ಲಿ ಬರಿಯ ಚೌಕಟ್ಟಿನ ಒಳಮೈಯಲ್ಲಿ ನೀರು ಹನಿಗಟ್ಟಿ ಗೋಡೆಯನ್ನು ನೆನೆಸುತ್ತದೆ. ಮನೆಯೊಳಗಿನ ಎರಡು ಕೋಣೆಗಳ ನಡುವೆ ಹಾಕುವ ಗಾಜಿನ ತಡಿಕೆಗೆ ಮಾತ್ರ ಇದರ ಅಗತ್ಯವೇ ಇಲ್ಲ. ಒಂಟಿ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು, ಸರಳ ಸೆಕ್ಷನ್ ಸಾಕು, ಅಲ್ಲಿ ಉಕ್ಕಿನಷ್ಟೇ ತೆಳುವಾದ ನೋಟ ಸುಲಭವಾಗಿ ಸಿಗುತ್ತದೆ.

ಬಣ್ಣಕ್ಕೆ ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಹಿಡಿಸುವುದು) ಮಾಡಿಸಿದೆವು, ಹೊಳಪಿಲ್ಲದ ಕಪ್ಪು. ಪದರದ ದಪ್ಪ 60 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲಿ 60 ಭಾಗ) ಕಡಿಮೆ ಇರಬಾರದೆಂದು ಕರಾರಿನಲ್ಲಿ ಬರೆಸಿದ್ದೆ. ಕಪ್ಪು ಬಣ್ಣಕ್ಕೆ ಬಿಸಿಲು ಹೆಚ್ಚು ತಾಗುತ್ತದೆ, ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೂರು ಮೀಟರ್ ಉದ್ದದ ಪಟ್ಟಿ 40 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವೆ ಜಾಗ ಬಿಟ್ಟು, ಹಿಗ್ಗಿ ಕುಗ್ಗುವ ಸೀಲೆಂಟ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ತುಂಬಬೇಕು ಎನ್ನುವುದು ಇದಕ್ಕಾಗಿಯೇ. ಅಲ್ಲಿ ಗಟ್ಟಿ ಗಾರೆ ತುಂಬಿದರೆ ಒಂದೋ ಗಾರೆ ಬಿರಿಯುತ್ತದೆ, ಇಲ್ಲವೇ ಬಾಗಿಲು ಮಧ್ಯಾಹ್ನ ಬಿಗಿಯಾಗಿ ಬೆಳಿಗ್ಗೆ ಸಡಿಲವಾಗುತ್ತದೆ.

ನನ್ನ ದೂರು ಇರುವುದೂ ಈ ಗಾರೆಯ ಬಗ್ಗೆಯೇ. ಚೌಕಟ್ಟು ತಯಾರಿಸಿದವರ ಕೆಲಸ ಚೆನ್ನಾಗಿತ್ತು. ಅದನ್ನು ಗೋಡೆಗೆ ಕೂರಿಸಲು ಬಂದವರು ಬೇರೆ. ಮೊದಲ ಜೋರು ಮಳೆಯ ರಾತ್ರಿ ಎರಡನೇ ಕಿಟಕಿಯ ಕೆಳಗೆ ನೀರು ತುಂಬಿ ಒಳಗೆ ಸುರಿಯಿತು. ಚೌಕಟ್ಟಿನ ಕೆಳಪಟ್ಟಿಯೊಳಗೆ ಸ್ವಲ್ಪ ನೀರು ಬರುವುದು ಸಹಜ. ಅದು ಹೊರಗೆ ಹರಿದುಹೋಗಲೆಂದೇ ಹೊರಮೈಯಲ್ಲಿ ಸಣ್ಣ ಉದ್ದ ತೂತುಗಳಿರುತ್ತವೆ. ಬೆಳಿಗ್ಗೆ ಹೊರಗೆ ಹೋಗಿ ಮಂಡಿಯೂರಿ ನೋಡಿದರೆ ಮೂರು ತೂತುಗಳೂ ಗಾರೆಯಿಂದ ಮುಚ್ಚಿದ್ದವು. ಮರದ ಕಡ್ಡಿಯಿಂದ ಕೆರೆದಾಗ ತುಂಡು ಉದುರಿತು, ಹಿಂದೆಯೇ ಒಂದು ಲೋಟದಷ್ಟು ನೀರು ಬುಳಕ್ಕನೆ ಹೊರಬಂತು. ಗಾರೆ ತಾಗಿದ್ದ ಕಡೆ ಬಣ್ಣ ಮಸುಕಾಗಿ ಬಿಳಿ ಕಲೆ ಉಳಿಯಿತು, ಇವತ್ತಿಗೂ ಇದೆ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಬಿದ್ದ ತಕ್ಷಣ ತೊಳೆಯಬೇಕು. ಕೂರಿಸಿದ ದಿನವೇ ಒಂದು ತಂಬಿಗೆ ನೀರನ್ನು ಕೆಳಪಟ್ಟಿಗೆ ಸುರಿದು ಹೊರಗೆ ಬರುವುದನ್ನು ಕಣ್ಣಾರೆ ನೋಡಿದ ಮೇಲೆ ಬಾಕಿ ಹಣ ಕೊಡಿ. ಆ ಒಂದು ತಂಬಿಗೆ ನೀರು ನನಗೆ ಒಂದು ರಾತ್ರಿಯ ನಿದ್ದೆ ಉಳಿಸುತ್ತಿತ್ತು. ಸ್ಕ್ರೂಗಳನ್ನೂ ಪರಿಶೀಲಿಸಿ: ಸಾಮಾನ್ಯ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಕಪ್ಪು ಚೌಕಟ್ಟಿನ ಮೇಲೆ ಕಂದು ಕಣ್ಣೀರಿನಂತೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು.

ಬಾಗಿಲಿನ ಬಳಕೆಯ ಬಗ್ಗೆ ಹೇಳಬೇಕಾದವರು ನಮ್ಮ ಅಮ್ಮ. ಅವರ ಬೆರಳುಗಳ ಗಂಟುಗಳಲ್ಲಿ ನೋವಿದೆ. ಹಳೆಯ ಉಕ್ಕಿನ ಬಾಗಿಲನ್ನು ಅವರು ಭುಜ ಕೊಟ್ಟು ತಳ್ಳುತ್ತಿದ್ದರು. ಈಗಿನ ಕದ ಹಗುರವೇನಲ್ಲ, ಜೋಡಿ ಗಾಜಿನದೇ 45 ಕಿಲೋ ತೂಕವಿದೆ. ಆದರೂ ಹಿಡಿಕೆಯನ್ನು ಅಂಗೈಯಿಂದ ಒತ್ತಿದರೆ ಕದ ಅವರ ಹಿಂದೆಯೇ ಬರುತ್ತದೆ. ಆ ತೂಕವನ್ನು ಹೊರುವುದು ಮೂರು ತಿರುಗಣಿಗಳು. ಎರಡನೇ ವರ್ಷ ಕದ ಎರಡು ಮಿಲಿಮೀಟರ್ ಇಳಿದು ಕೆಳಗೆ ಉಜ್ಜತೊಡಗಿದಾಗ ತಿರುಗಣಿಯಲ್ಲೇ ಇದ್ದ ಸ್ಕ್ರೂ ತಿರುಗಿಸಿ ಎತ್ತಿದೆವು, ಹತ್ತು ನಿಮಿಷದ ಕೆಲಸ. ಹಾಗೆ ಸರಿಪಡಿಸಲಾಗದ ತಿರುಗಣಿಯಾಗಿದ್ದರೆ ಕದವನ್ನೇ ಕಳಚಬೇಕಾಗುತ್ತಿತ್ತು.

ಉಕ್ಕನ್ನು ಬಿಡಬಾರದ ಕಡೆಗಳೂ ಇವೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಬಲ ಕಳೆದುಕೊಳ್ಳುವುದು ಅದಕ್ಕೂ ಬಹಳ ಮೊದಲು. ಬೆಂಕಿಯನ್ನು ತಡೆದು ನಿಲ್ಲಬೇಕಾದ ಬಾಗಿಲಿಗೆ ಸಾಮಾನ್ಯ ಅಲ್ಯೂಮಿನಿಯಂ ಚೌಕಟ್ಟು ಸಲ್ಲದು, ಅದಕ್ಕೆಂದೇ ಪರೀಕ್ಷಿಸಿ ಪ್ರಮಾಣಪತ್ರ ಪಡೆದದ್ದೇ ಬೇಕು. ಇನ್ನು ಹಳೆಯ ಉಕ್ಕಿನ ಕಿಟಕಿ ಗಟ್ಟಿಯಾಗಿಯೇ ಇದ್ದರೆ ಕೀಳಬೇಡಿ ಎಂದೇ ಹೇಳುತ್ತೇನೆ. ನಮ್ಮಲ್ಲಿ ಮೆಟ್ಟಿಲ ಪಕ್ಕದ ಒಂದನ್ನು ಉಳಿಸಿಕೊಂಡಿದ್ದೇನೆ. ಸ್ಕ್ರೂಡ್ರೈವರ್ ಅದರೊಳಗೆ ಎಲ್ಲಿಯೂ ಇಳಿಯಲಿಲ್ಲ. ಮೊನ್ನೆ ಅದರ ಕೆಳಪಟ್ಟಿಯನ್ನು ತಂತಿಯ ಬ್ರಷ್‌ನಿಂದ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ ಒಣಗಲು ಬಿಟ್ಟಿದ್ದೇನೆ. ನಾಳೆ ಎರಡನೇ ಕೈ ಬಣ್ಣ.