ಹಳೆ ಟ್ರಾಲಿ ಸೆಟ್ ಕೊಳ್ಳುವ ಮುಂಚೆ ಟ್ರಾನ್ಸ್‌ಫಾರ್ಮರ್ ತಿರುಗಿಸಿ ನೋಡಿ

ಹಳೆ ಆಟಿಕೆ ಟ್ರಾಲಿ (ಅಂದರೆ ಟ್ರಾಮ್ ಗಾಡಿ), ರೈಲು ಸೆಟ್ ಕೂಡಿಸುವವರೆಲ್ಲ ಇದನ್ನು ದಯವಿಟ್ಟು ಓದಿ. ಬೆಳಗಾವಿಯ ನಮ್ಮ ಮನೆಗೆ ಬಂದ ಪಾರ್ಸಲ್‌ನಲ್ಲಿದ್ದದ್ದು ಬರೀ ಮೋಸ ಅಲ್ಲ, ಜೀವಕ್ಕೇ ಅಪಾಯ.

ನಾನು ಹುಡುಕುತ್ತಿದ್ದದ್ದು ಅಮೆರಿಕದ ಲಯನೆಲ್ ಕಂಪನಿಯ 60 ನಂಬರಿನ ಟ್ರಾಲಿ. 1950ರ ದಶಕದ್ದು. ಹಳದಿ ಮೈ, ಕೆಂಪು ಚಾವಣಿ. ಮೂರು ಹಳಿಯ ಮೇಲೆ ಓಡುತ್ತದೆ, ನಡುವಿನ ಹಳಿಯಿಂದ ಕರೆಂಟ್ ತಗೊಳ್ಳುತ್ತದೆ, ಕೊನೆಯಲ್ಲಿರುವ ತಡೆಗೆ ಬಂಪರ್ ಬಡಿದ ಕೂಡಲೇ ತಾನೇ ದಿಕ್ಕು ಬದಲಿಸಿ ವಾಪಸ್ ಹೊರಡುತ್ತದೆ. ಎಷ್ಟು ಚಂದ ಅಂತೀರಿ! ನಮ್ಮೂರಲ್ಲಿ ಟ್ರಾಮ್ ಇರಲಿಲ್ಲ, ಆದ್ರೆ ನಮ್ಮ ದೊಡ್ಡಪ್ಪ ಮುಂಬೈಯಲ್ಲಿ ಕೆಲಸಕ್ಕಿದ್ದಾಗ, 1964ರಲ್ಲಿ ಅಲ್ಲಿ ಟ್ರಾಮ್ ನಿಲ್ಲುವ ತನಕ, ದಿನಾ ಅದರಲ್ಲೇ ಓಡಾಡಿದವರು. ಅವರಿಗೆ ಕೊಡಬೇಕಂತ ಆಸೆ ಇತ್ತು.

ಮಾರುವವನು ಆನ್‌ಲೈನ್‌ನಲ್ಲಿ ಸಿಕ್ಕವನು. 'ಪೂರ್ತಿ ಒರಿಜಿನಲ್, ಓಡುತ್ತದೆ' ಅಂದ, ವಿಡಿಯೋನೂ ಕಳಿಸಿದ. ವಿಡಿಯೋದಲ್ಲಿದ್ದ ಗಾಡಿಯ ಚಾವಣಿ ಮೂಲೆ ಮುಕ್ಕಾಗಿತ್ತು. ಕೈಗೆ ಬಂದದ್ದರಲ್ಲಿ ಮುಕ್ಕೇ ಇಲ್ಲ! ಮೈ ಹೊಚ್ಚ ಹೊಸದು, ಅಕ್ಷರ ನಿನ್ನೆ ಅಚ್ಚು ಹಾಕಿದ ಹಾಗೆ, ಅಡಿಯಲ್ಲಿ ಮಾತ್ರ ಹಳೆ ಎಣ್ಣೆಜಿಡ್ಡು. ಹೊಸದಾಗಿ ಮಾಡಿದ ಮೈ ಬಿಡಿಭಾಗವಾಗಿ ಸಿಗುತ್ತದೆ, ಹಾಕಿಕೊಂಡರೆ ತಪ್ಪೇನಿಲ್ಲ. ಅದನ್ನೇ ಒರಿಜಿನಲ್ ಅಂತ ಹೇಳಿ ಒರಿಜಿನಲ್ ರೇಟು ಕೀಳುವುದು ಮೋಸ ಅಲ್ವಾ?

ಅದಕ್ಕಿಂತ ಘೋರ ಟ್ರಾನ್ಸ್‌ಫಾರ್ಮರ್, ಅಂದರೆ ಮನೆಯ ಕರೆಂಟಿನ ವೋಲ್ಟೇಜ್ ಇಳಿಸಿ ಹಳಿಗೆ ಕೊಡುವ ಡಬ್ಬಿ. ತಿರುಗಿಸಿ ನೋಡಿದರೆ ಪಟ್ಟಿಯ ಮೇಲೆ 115 ವೋಲ್ಟ್, 60 ಸೈಕಲ್ ಅಂತಿದೆ, ಆದರೆ ಹಳೆ ವೈರ್ ಕತ್ತರಿಸಿ ನಮ್ಮ ಕಡೆಯ ತ್ರೀ ಪಿನ್ ಟಾಪ್ ಹಾಕಿದ್ದಾರೆ. ನಮ್ಮ ಮನೆಯ ಕರೆಂಟ್ 230 ವೋಲ್ಟ್. ಹಚ್ಚಿದರೆ ಕಾಯಿಲ್ ಸುಟ್ಟು ಹೋಗುತ್ತದೆ, ಅದು ಸುಡುವ ತನಕ ಹಳಿಗೆ ಎರಡು ಪಟ್ಟು ವೋಲ್ಟೇಜ್, ಒಳಗಿನ ಇನ್ಸುಲೇಷನ್ ಕಿತ್ತು ಹೋದರಂತೂ ಮನೆಯ ಕರೆಂಟೇ ಹಳಿಗೆ ಬರಬಹುದು. ಮಕ್ಕಳು ಬರಿಗೈಲಿ ಮುಟ್ಟುವ ಹಳಿ ಅದು. ಖಡೇಬಜಾರ್ ಹತ್ತಿರ ರೇಡಿಯೋ ರಿಪೇರಿ ಮಾಡುವ ಕಾಕಾ ಬಿಚ್ಚಿ ನೋಡಿದರೆ ಒಳಗಿನ ವೈರಿನ ರಬ್ಬರ್ ಒಣಗಿ ಉದುರುತ್ತಿತ್ತು. 'ತಮ್ಮಾ, ಇದನ್ನ ಯಾವ ಕಾಲಕ್ಕೂ ಹಚ್ಚಬ್ಯಾಡ' ಅಂದರು.

ಮಾರಿದವನಿಗೆ ಫೋನ್ ಮಾಡಿದೆ. 'ಹಳೆ ಸಾಮಾನು ಅಂದ್ರೆ ಹಂಗೇ' ಅಂದು ಬ್ಲಾಕ್ ಮಾಡಿದ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ.

ಹಾಗಾಗಿ ದುಡ್ಡು ಹಾಕುವ ಮೊದಲು ಹೊಸ ವಿಡಿಯೋ ಕೇಳಿ, ಅವತ್ತಿನ ದಿನಪತ್ರಿಕೆ ಪಕ್ಕದಲ್ಲಿಟ್ಟು ತೆಗೆಯಲು ಹೇಳಿ. ಮೈ ಬಿಚ್ಚಿದ ಫೋಟೋ, ಟ್ರಾನ್ಸ್‌ಫಾರ್ಮರಿನ ಪಟ್ಟಿಯ ಫೋಟೋ, ಎರಡೂ ಬೇಕು. ಅಮೆರಿಕದ ಟ್ರಾನ್ಸ್‌ಫಾರ್ಮರನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಹಚ್ಚಲೇಬೇಡಿ. ಮೊದಲು ತಿಳಿದವರಿಂದ ವೈರ್ ಪರೀಕ್ಷೆ ಮಾಡಿಸಿ, ಆಮೇಲೆ 230ರಿಂದ 110ಕ್ಕೆ ಇಳಿಸುವ, ಆಟಿಕೆಯ ಟ್ರಾನ್ಸ್‌ಫಾರ್ಮರಿಗಿಂತ ವ್ಯಾಟ್ ಸ್ವಲ್ಪ ಜಾಸ್ತಿ ಇರುವ ಸ್ಟೆಪ್ ಡೌನ್ ನಡುವೆ ಹಾಕಿ. ಅದೇ ಮುಕ್ಕು ಚಾವಣಿಯ ವಿಡಿಯೋ ಬೇರೆ ಹೆಸರಿನಲ್ಲಿ ಮತ್ತೆ ಓಡಾಡುತ್ತಿದೆ, ನಿಮಗೆ ಬಂದರೆ ಮುಂಗಡ ಕೊಡಬೇಡಿ.